ಮನೆಮಂದಿಯ ಹೆಸರಿನ ಕ್ರಿಸ್ಮಸ್ ಕಾಲುಚೀಲ: ಯಾವ ದಾರ, ಯಾವ ಕಡ್ಡಿ, ಯಾವ ಅಕ್ಷರ?

ಬೀದರಿನ ಮಂಗಲಪೇಟೆಯಲ್ಲಿ ಮನೆ ಮುಂದೆ ನಕ್ಷತ್ರದ ದೀಪ ಏರುವ ಹೊತ್ತಿಗೆ ಕಲಬುರಗಿ, ಯಾದಗಿರಿ ಕಡೆಯಿಂದಲೂ ಫೋನು ಶುರುವಾಗುತ್ತವೆ. “ಅಕ್ಕಾ, ಈ ಸಲ ಮಕ್ಕಳ ಹೆಸ್ರು ಹಾಕಿ ಕ್ರಿಸ್ಮಸ್ ಕಾಲುಚೀಲ ಹೆಣೀಬೇಕಂತ ಅದೀನಿ. ಉಲ್ಲನ್ ಯಾವ್ದು ತರ್ಲಿ ಹೇಳ್ರಿ?” ಉಲ್ಲನ್ನಿನ ಮಾತು ಆಮೇಲೆ. ನಾನು ಮೊದಲು ಕೇಳುವುದು ಇಷ್ಟು: ಇದು ಈ ವರ್ಷದ ಅಲಂಕಾರಕ್ಕೋ, ಪ್ರತಿ ವರ್ಷ ಪೆಟ್ಟಿಗೆಯಿಂದ ತೆಗೆದು ತೂಗುಹಾಕಲಿಕ್ಕೋ?

ಒಂದೇ ವರ್ಷಕ್ಕಾದರೆ ಯಾವುದಾದರೂ ನಡೆಯುತ್ತದೆ. ಮನೆಯ ಪದ್ಧತಿ ಆಗಬೇಕು ಅಂದರೆ ಲೆಕ್ಕ ಬೇರೆ. ಆಗ ನೀವು ಹೆಣೆಯುತ್ತಿರುವುದು ಎರಡು ಕಾಲುಚೀಲ ಅಲ್ಲ, ಬೆಳೆಯುತ್ತಾ ಹೋಗುವ ಒಂದು ಸಾಲು. ನಾಳೆ ಸೊಸೆ ಬರುತ್ತಾಳೆ, ಅಳಿಯ ಬರುತ್ತಾನೆ, ಮೊಮ್ಮಗು ಹುಟ್ಟುತ್ತದೆ. ಅವರದೂ ಅದೇ ಅಳತೆಯಲ್ಲಿ, ಅದೇ ಬಣ್ಣದಲ್ಲಿ, ಉಳಿದವರ ಪಕ್ಕ ತೂಗಬೇಕು. ಹೊಸಬರದು ಮಾತ್ರ ಬೇರೆ ಥರ ಕಂಡರೆ ಆ ಹುಡುಗಿಗೆ ಏನನ್ನಿಸೀತು, ಯೋಚಿಸಿ. ಅದಕ್ಕೇ ಕೆಳಗಿನ ಪ್ರತಿಯೊಂದು ಆಯ್ಕೆಯನ್ನೂ ನಾನು ಅಳೆದಿರುವುದು ಒಂದೇ ಪ್ರಶ್ನೆಯಿಂದ: ಹದಿನೈದು ವರ್ಷ ಬಿಟ್ಟು ಮನೆಯ ಇನ್ನೊಬ್ಬರು ಇದನ್ನೇ ಮತ್ತೊಮ್ಮೆ ಮಾಡಬಲ್ಲರೇ? ಚಂದ ಕಾಣುವುದು ಎರಡನೆಯ ಮಾತು.

ಪದ್ಧತಿ ಎಲ್ಲಿಂದ ಬಂತು ಅನ್ನುವುದನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಮಕ್ಕಳು ಕೇಳಿಯೇ ಕೇಳುತ್ತಾರೆ. 4ನೇ ಶತಮಾನದಲ್ಲಿ, ಇಂದಿನ ಟರ್ಕಿಯಲ್ಲಿರುವ ಮೈರಾ ಎಂಬ ಊರಿನ ಬಿಷಪ್ ಆಗಿದ್ದವರು ಸಂತ ನಿಕೋಲಾಸ್. ಮೂವರು ಹೆಣ್ಣುಮಕ್ಕಳ ಮದುವೆಗೆ ಕಾಸಿಲ್ಲದ ಬಡ ತಂದೆಯ ಮನೆಗೆ ಅವರು ರಾತ್ರಿ ಗುಟ್ಟಾಗಿ ಚಿನ್ನ ಎಸೆದು ಹೋದರಂತೆ, ಅದು ಒಣಗಲು ಹಾಕಿದ್ದ ಕಾಲುಚೀಲದೊಳಗೆ ಬಿತ್ತಂತೆ. ಇದು ಐತಿಹ್ಯ. ಕಾಲುಚೀಲದ ತುದಿಯಲ್ಲಿ ಕಿತ್ತಳೆ ಹಣ್ಣು ಇಡುವುದು ಆ ಚಿನ್ನದ ಉಂಡೆಯ ನೆನಪಿಗೆ ಅನ್ನುತ್ತಾರೆ. ಅವರ ಹಬ್ಬ ಡಿಸೆಂಬರ್ 6ಕ್ಕೆ. ಮನೆಯ ಪ್ರತಿಯೊಬ್ಬರ ಹೆಸರು, ಹುಟ್ಟಿದ ವರ್ಷ ಹಾಕಿ ಅಜ್ಜಿ ಹೆಣೆದು ಕೊಡುವ ರೂಢಿ ಅಮೆರಿಕದ ಬಹಳ ಮನೆಗಳಲ್ಲಿದೆ. ಅಲ್ಲಿ ಬೆಂಕಿಗೂಡಿನ ಮೇಲೆ ತೂಗುಹಾಕುತ್ತಾರೆ. ನಮ್ಮಲ್ಲಿ ಬೆಂಕಿಗೂಡು ಎಲ್ಲಿಂದ ಬರಬೇಕು? ಕಿಟಕಿಯ ಸರಳಿದೆ, ಗೋಡೆಯ ಗೂಟವಿದೆ, ಗೋದಲಿ ಇಟ್ಟ ಮೇಜಿನ ಅಂಚಿದೆ. ಸಾಕು.

ಹೆಣೆಯಬೇಕೋ, ಹೊಲಿಯಬೇಕೋ, ಕೊಳ್ಳಬೇಕೋ

ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುವ ಕೆಂಪು ಫೆಲ್ಟ್ ಬಟ್ಟೆಯ ಕಾಲುಚೀಲ ಅಗ್ಗ. ಹೆಸರು ಮುದ್ರಿಸಿ ಕೊಡುವವರೂ ಇದ್ದಾರೆ. ಆದರೆ ಅದರ ಆಕಾರ, ಬಣ್ಣ ವರ್ಷವರ್ಷ ಬದಲಾಗುತ್ತದೆ. ಮೂರು ವರ್ಷದ ಮೇಲೆ ತಂಗಿಗೆ ಅಂಥದ್ದೇ ಬೇಕು ಅಂದರೆ ಸಿಗುವ ಖಾತ್ರಿ ಇಲ್ಲ. ಪದ್ಧತಿಗೆ ಇದು ಆಗದು.

ಹೊಲಿಯುವುದು ನಿಜಕ್ಕೂ ಗಟ್ಟಿ ಪ್ರತಿಸ್ಪರ್ಧಿ. ನಮ್ಮ ಕಡೆಯ ಅವ್ವಂದಿರಿಗೆ ಕೌದಿ ಹೊಲಿಯುವ ಕೈ ಇದೆ. ಹಳೆಯ ಸೀರೆಯ ಪದರ ಪೇರಿಸಿ, ಸಾಲು ಸಾಲಾಗಿ ದಾರ ಓಡಿಸಿದ ಕೌದಿ ಬಟ್ಟೆಯಲ್ಲಿ ಕಾಲುಚೀಲದ ಆಕಾರ ಕತ್ತರಿಸಿದರೆ ದಪ್ಪವಾಗಿ, ಗಟ್ಟಿಯಾಗಿ ನಿಲ್ಲುತ್ತದೆ. ಅಜ್ಜಿಯ ಸೀರೆಯ ತುಂಡು ಮೊಮ್ಮಗಳ ಕಾಲುಚೀಲದಲ್ಲಿ ಇರುವುದು ಸಣ್ಣ ಮಾತಲ್ಲ. ಕಾಗದದ ಅಚ್ಚು ಒಂದನ್ನು ಎತ್ತಿಟ್ಟರೆ ಆಕಾರ ಎಂದಿಗೂ ಅದೇ ಬರುತ್ತದೆ. ಮನೆಯಲ್ಲಿ ಯಾರಿಗೂ ಹೆಣಿಗೆ ಬಾರದು, ಹೊಲಿಗೆ ಯಂತ್ರ ಇದೆ ಅನ್ನುವವರಿಗೆ ನಾನು ಧೈರ್ಯವಾಗಿ ಇದನ್ನೇ ಹೇಳುತ್ತೇನೆ. ಒಂದೇ ಕೊರತೆ, ಬಟ್ಟೆ ಹಿಗ್ಗುವುದಿಲ್ಲ. ಉಬ್ಬಿದ ಆಟಿಕೆ, ಚೂಪು ಮೂಲೆಯ ಡಬ್ಬಿ ಒಳಗೆ ಹೋಗುವುದಿಲ್ಲ.

ಕ್ರೋಶಾ ಬೇಗ ಮುಗಿಯುತ್ತದೆ, ಒಂದೇ ಕೊಕ್ಕೆ ಸೂಜಿ ಸಾಕು, ಕುಣಿಕೆ ಜಾರಿ ಬಿಚ್ಚಿಹೋಗುವ ಭಯವಿಲ್ಲ. ದಾರ ಮಾತ್ರ ಹೆಣಿಗೆಗಿಂತ ಹೆಚ್ಚು ತಿನ್ನುತ್ತದೆ, ಬಟ್ಟೆ ಬಿರುಸಾಗುತ್ತದೆ. ಇದರಲ್ಲಿ ಸಣ್ಣ ಸಿಂಗಲ್ ಹೊಲಿಗೆಯ ಮನೆಗಳು ಹೆಚ್ಚುಕಡಿಮೆ ಚೌಕಾಕಾರ, ಹಾಗಾಗಿ ಅಕ್ಷರ ಕೂರಿಸುವುದು ಸುಲಭ. ಆದರೆ ಸುತ್ತು ಸುತ್ತಾಗಿ ಹಾಕಿದರೆ ಹೊಲಿಗೆ ಸಾಲಿನಿಂದ ಸಾಲಿಗೆ ಸ್ವಲ್ಪ ಸ್ವಲ್ಪವೇ ಓರೆಯಾಗುತ್ತಾ ಹೋಗಿ ಹೆಸರೂ ವಾಲುತ್ತದೆ. ಹೆಸರು ನೆಟ್ಟಗೆ ಬರಬೇಕಾದರೆ ಹೋಗಿ-ಬಂದು ಸಾಲಿನಲ್ಲಿ ಹಾಕಿ, ಹಿಂದೆ ಜೋಡಿಸಿ ಹೊಲಿಯಬೇಕು.

ನನ್ನ ಆಯ್ಕೆ ಎರಡು ಕಡ್ಡಿಯ ಮನೆತನದ್ದು, ಅಂದರೆ ಹೆಣಿಗೆ. ನಮ್ಮ ಊರುಗಳಲ್ಲಿ ಚಳಿಗಾಲ ಬಂತೆಂದರೆ ಕೂಸಿಗೆ ಸ್ವೆಟರು, ಟೋಪಿ ಹೆಣೆದ ಅವ್ವ, ಅತ್ತಿ, ಚಿಕ್ಕಮ್ಮ ಯಾರಾದರೂ ಇದ್ದೇ ಇರುತ್ತಾರೆ. ಸೀದಾ ಸಾಲು, ಉಲ್ಟಾ ಸಾಲು ಗೊತ್ತಿದ್ದರೆ ಮುಕ್ಕಾಲು ಕೆಲಸ ಗೊತ್ತಿದ್ದ ಹಾಗೆ. ಹೆಣೆದ ಬಟ್ಟೆ ಒಳಗಿನ ವಸ್ತುವಿನ ಆಕಾರಕ್ಕೆ ಉಬ್ಬುತ್ತದೆ. ಬೆಳಗಿನ ಜಾವ ಕಣ್ಣುಜ್ಜಿಕೊಂಡು ಬರುವ ಮಗು ಹೊರಗಿನಿಂದಲೇ ಮುಟ್ಟಿ ಮುಟ್ಟಿ ಒಳಗೇನಿದೆ ಎಂದು ಊಹಿಸುವ ಸುಖ ಹೆಣೆದದ್ದರಲ್ಲಿ ಸಿಕ್ಕ ಹಾಗೆ ಬೇರೆಯದರಲ್ಲಿ ಸಿಗುವುದಿಲ್ಲ.

ದಾರ

ಅಂಗಡಿಯಲ್ಲಿ “ಉಲ್ಲನ್ ಕೊಡ್ರಿ” ಅಂದರೆ ಕೈಗೆ ಬರುವುದು ಬಹುಪಾಲು ಅಕ್ರಿಲಿಕ್, ಅಂದರೆ ಉಣ್ಣೆಯಲ್ಲದ ಕೃತಕ ದಾರ. ಇದರಲ್ಲಿ ತಪ್ಪೇನಿಲ್ಲ, ಗೊತ್ತಿದ್ದು ತನ್ನಿ, ಅಷ್ಟೇ. ಲಡಿಗೆ ಸುತ್ತಿದ ಚೀಟಿ ಓದಿ.

ಈ ಕೆಲಸಕ್ಕೆ ನಾನು ಅಕ್ರಿಲಿಕ್ಕನ್ನೇ ಮೊದಲಿಗೆ ನಿಲ್ಲಿಸುತ್ತೇನೆ, ಬೆಲೆ ಕಡಿಮೆ ಎನ್ನುವ ಕಾರಣಕ್ಕೆ ಮಾತ್ರ ಅಲ್ಲ. ಹುಳ ಹಿಡಿಯುವುದಿಲ್ಲ. ಮಗು ಚಾಕೊಲೇಟ್ ಮೆತ್ತಿದರೆ ತೊಳೆಯಬಹುದು. ಕೆಂಪು ಬಣ್ಣ ಬಿಳಿಗೆ ಹತ್ತುವುದು ಅಪರೂಪ. ಎಲ್ಲಕ್ಕಿಂತ ಮುಖ್ಯವಾಗಿ, ವರ್ಧಮಾನ್, ಓಸ್ವಾಲ್‌ನಂಥ ದೊಡ್ಡ ಕಂಪನಿಗಳ ದಾರದ ಚೀಟಿಯ ಮೇಲೆ ಬಣ್ಣದ ಸಂಖ್ಯೆ ಇರುತ್ತದೆ. ಮುಂದೆ ಬೇಕಾದಾಗ “ಅಂಥಾದ್ದೇ ಕೆಂಪು” ಎಂದು ಕೈಸನ್ನೆಯಲ್ಲಿ ವಿವರಿಸಬೇಕಿಲ್ಲ, ಸಂಖ್ಯೆ ಹೇಳಿ ಹುಡುಕಿಸಬಹುದು. ಅದರ ಪಕ್ಕದಲ್ಲೇ ಡೈ ಲಾಟ್ ಎಂದು ಇನ್ನೊಂದು ಸಂಖ್ಯೆ ಇರುತ್ತದೆ, ಅದು ಒಂದೇ ಸಲ ಬಣ್ಣ ಹಾಕಿದ ಕಂತಿನದು. ಒಂದು ಕಾಲುಚೀಲದೊಳಗೆ ಎರಡು ಲಾಟ್ ಬೆರೆಸಬೇಡಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಾಣದ ವ್ಯತ್ಯಾಸ ಹಗಲು ಬೆಳಕಿನಲ್ಲಿ ಅಡ್ಡ ಗೆರೆಯಾಗಿ ಎದ್ದು ಕಾಣುತ್ತದೆ. ಬೇರೆ ಬೇರೆ ಕಾಲುಚೀಲಗಳ ನಡುವೆ ಅಷ್ಟು ವ್ಯತ್ಯಾಸ ಇದ್ದರೆ ಕಣ್ಣಿಗೆ ಹೊಡೆಯುವುದಿಲ್ಲ. ಇಸ್ತ್ರಿ ಮಾತ್ರ ತಾಗಿಸಲೇಬೇಡಿ. ಬಿಸಿಗೆ ಅಕ್ರಿಲಿಕ್ ಚಪ್ಪಟೆಯಾಗಿ ಜೀವ ಕಳೆದುಕೊಳ್ಳುತ್ತದೆ, ಮತ್ತೆ ಪುಟಿಯುವುದಿಲ್ಲ.

ಮೆರಿನೋ ಥರದ ಶುದ್ಧ ಉಣ್ಣೆ ಕೈಗೆ ಹಿತ, ಹೆಣಿಗೆಯ ಏರುಪೇರು ತೊಳೆದ ಮೇಲೆ ತಾನೇ ಸಮವಾಗುತ್ತದೆ. ಆದರೆ ನಮ್ಮ ಮೂರೂ ಜಿಲ್ಲೆಗಳ ಅಂಗಡಿಗಳಲ್ಲಿ ಬೇಕೆಂದಾಗ ಸಿಗುವ ವಸ್ತು ಅಲ್ಲ. ತರಿಸಿಕೊಂಡರೂ ಬೆಲೆ ಹೆಚ್ಚು, ಬಿಸಿನೀರಿಗೆ ಬಿದ್ದರೆ ಕುಗ್ಗಿ ಜಡ್ಡಾಗುತ್ತದೆ, ಹುಳದ ಕಾಟ ಬೇರೆ. ವರ್ಷದ ಹನ್ನೊಂದು ತಿಂಗಳು ಪೆಟ್ಟಿಗೆಯಲ್ಲಿರುವ ವಸ್ತುವಿಗೆ ಇದು ದುಬಾರಿ ಪ್ರೀತಿ.

ಹತ್ತಿಯ ದಾರ ನಮ್ಮ ಹವೆಗೆ ಒಪ್ಪುತ್ತದೆ, ಹುಳದ ಚಿಂತೆ ಇಲ್ಲ. ಆದರೆ ಹತ್ತಿ ಭಾರ, ಪುಟಿಯುವ ಗುಣ ಕಡಿಮೆ. ಎರಡು ಪೇರಲ ಹಣ್ಣು ಹಾಕಿ ಒಂದು ರಾತ್ರಿ ತೂಗುಹಾಕಿದರೆ ಬೆಳಿಗ್ಗೆಗೆ ಕಾಲುಚೀಲ ಜೋತು ಇಳಿದಿರುತ್ತದೆ, ಮತ್ತೆ ಮೊದಲಿನಂತಾಗಲು ಸುಲಭಕ್ಕೆ ಒಪ್ಪುವುದಿಲ್ಲ. ಕೆಂಪು ಹತ್ತಿ ಬಣ್ಣ ಬಿಡುವ ಸಂಭವವೂ ಹೆಚ್ಚು. ಒದ್ದೆ ಬಿಳಿ ಬಟ್ಟೆಯಿಂದ ದಾರವನ್ನು ಉಜ್ಜಿ ನೋಡಿಯೇ ಶುರು ಮಾಡಿ.

ಇನ್ನೊಂದು ದಾರವಿದೆ, ಅದರ ಬಗ್ಗೆ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ನಮ್ಮ ಕುರಿಗಾರರ ದಖನಿ ಕುರಿಯ ಕರಿ ಉಣ್ಣೆ, ಕಂಬಳಿಯ ದಾರ. ನೇಯುವವರು ಹಾಸಿನ ದಾರಕ್ಕೆ ಹುಣಸೆ ಬೀಜದ ಗಂಜಿ ಹಚ್ಚಿ ಬಿಗಿ ಮಾಡುತ್ತಾರೆ. ನಿಮಗೆ ಬೇಕಾದದ್ದು ಗಂಜಿ ಹಚ್ಚುವ ಮೊದಲಿನ ದಾರ, ಕಂಬಳಿ ನೇಯುವವರ ಮನೆಗೇ ಹೋಗಿ ಕೇಳಬೇಕು. ಈ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ, ಅದಕ್ಕೇ ಇದರಲ್ಲಿ ಸ್ವೆಟರು ಹೆಣೆಯುವವರು ಕಡಿಮೆ. ಆದರೆ ಈ ಕಾಲುಚೀಲವನ್ನು ಯಾರೂ ಕಾಲಿಗೆ ಹಾಕಿಕೊಳ್ಳುವುದಿಲ್ಲವಲ್ಲ! ಒರಟುತನ ಇಲ್ಲಿ ದೋಷವೇ ಅಲ್ಲ, ಭಾರ ಹೊತ್ತು ಆಕಾರ ಹಿಡಿದು ನಿಲ್ಲುವ ಗುಣವದು. ಆ ಕಪ್ಪು-ಕಂದು ಬಣ್ಣದ ಮೇಲೆ ಕೆಂಪು ದಾರದಲ್ಲಿ ಬರೆದ ಹೆಸರು ಉರಿಯುವ ಹಾಗೆ ಕಾಣುತ್ತದೆ. ತೊಡಕು ಎರಡು. ಕೈಯಲ್ಲಿ ನೂತ ದಾರ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ಹಾಗಾಗಿ ಅಳತೆ ಪ್ರತಿ ಸಲ ತುಸು ಬೇರೆ. ಹೆಣೆಯುವಾಗ ಎಳೆ ಕಿತ್ತುಬರುವುದೂ ಉಂಟು. ಕುರಿಗಾರರ ನಂಟಿರುವ ಮನೆಯವರು, ದಾರ ಮತ್ತೆ ಸಿಗುತ್ತದೆ ಎಂಬ ಭರವಸೆ ಇದ್ದವರು ಇದನ್ನು ಆರಿಸಿಕೊಂಡರೆ ನನಗೆ ತುಂಬಾ ಸಂತೋಷ. ಉಳಿದವರು ಕೇವಲ ಮೇಲಿನ ಅಂಚಿಗೆ ಇದನ್ನು ಬಳಸಬಹುದು.

ಎಷ್ಟು ದಾರ ಬೇಕು? ಮಧ್ಯಮ ದಪ್ಪದ, ಡಿಕೆ ಎಂದು ಕರೆಯುವ ದಾರದಲ್ಲಿ ಒಂದು ದೊಡ್ಡ ಕಾಲುಚೀಲಕ್ಕೆ ಎಲ್ಲ ಬಣ್ಣ ಸೇರಿ ಸುಮಾರು 150ರಿಂದ 200 ಗ್ರಾಂ. ಮುಖ್ಯ ಬಣ್ಣದ ಒಂದು ಲಡಿ ಹೆಚ್ಚಿಗೇ ತನ್ನಿ.

ಕಡ್ಡಿ ಮತ್ತು ಅಳತೆ

ಇಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎರಡು ಉದ್ದ ಕಡ್ಡಿಯಲ್ಲಿ ಹೋಗಿ-ಬಂದು ಹೆಣೆದರೆ ಹಿಂದೆ ಹೊಲಿಗೆಯ ಗೆರೆ ಬರುತ್ತದೆ. ಎರಡೂ ತುದಿ ಚೂಪಾದ ನಾಲ್ಕು ಕಡ್ಡಿಯ ಸೆಟ್ಟಿನಲ್ಲಿ ಸುತ್ತಾಗಿ ಹೆಣೆದರೆ ಗೆರೆಯೇ ಇಲ್ಲ, ಎಲ್ಲ ಸಾಲೂ ಸೀದಾ. ಆದರೆ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಹೋಗುವ ಸಂದಿಯಲ್ಲಿ ಕುಣಿಕೆ ಸಡಿಲಾಗಿ ಏಣಿಯಂಥ ಗೆರೆ ಬೀಳುತ್ತದೆ. ಪ್ರತಿ ಕಡ್ಡಿಯ ಮೊದಲ ಎರಡು ಕುಣಿಕೆ ಬಿಗಿಯಾಗಿ ಎಳೆದರೆ ಹೋಗುತ್ತದೆ. ನಡುವೆ ಪ್ಲಾಸ್ಟಿಕ್ ತಂತಿ ಇರುವ ವೃತ್ತ ಕಡ್ಡಿ, 100 ಸೆಂಟಿಮೀಟರ್ ಉದ್ದದ್ದು, ಅದೇ ಕೆಲಸವನ್ನು ಒಂದೇ ಕಡ್ಡಿಯಲ್ಲಿ ಮಾಡುತ್ತದೆ. ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ ಕೂತು ಹೆಣೆಯುವವರಿಗೆ ಇದು ವಾಸಿ, ಕಡ್ಡಿ ಜಾರಿ ಬೀಳುವುದಿಲ್ಲ. ಹೊಸ ತಂತಿ ಸುರುಳಿ ಸುತ್ತಿಕೊಂಡು ಕಾಡಿದರೆ ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ ನೆಟ್ಟಗೆ ಮಾಡಿಕೊಳ್ಳಿ.

ಮೂರರಲ್ಲಿ ಯಾವುದು ಬಳಸಿದರೂ ಕೊನೆಗೆ ಬಟ್ಟೆ ಒಂದೇ. ಅವ್ವ ನಾಲ್ಕು ಕಡ್ಡಿಯಲ್ಲಿ, ಮಗಳು ವೃತ್ತ ಕಡ್ಡಿಯಲ್ಲಿ ಹೆಣೆದರೂ ಸಾಲಿನಲ್ಲಿ ಗೊತ್ತಾಗುವುದಿಲ್ಲ. ಗೊತ್ತಾಗುವುದು ಕೈಯ ಬಿಗಿ. ಅದಕ್ಕೆ ಹೊಸಬರು ಕಡ್ಡಿ ಹಿಡಿದಾಗಲೆಲ್ಲ ಮೊದಲು ಅಂಗೈಯಗಲ ತುಂಡು ಹೆಣೆದು ಅಳೆಯಬೇಕು. ಡಿಕೆ ದಾರ, 8ನೇ ನಂಬರಿನ ಕಡ್ಡಿ, ಅಂದರೆ 4 ಮಿಲಿಮೀಟರಿನದು, ಸಾಮಾನ್ಯವಾಗಿ 10 ಸೆಂಟಿಮೀಟರಿಗೆ ಅಡ್ಡಕ್ಕೆ 22 ಕುಣಿಕೆ, ಉದ್ದಕ್ಕೆ 28 ಸಾಲು ಕೊಡುತ್ತದೆ. ನಿಮ್ಮದು 24 ಬಂದರೆ ಕೈ ಬಿಗಿ, 7ನೇ ನಂಬರಿನ ದಪ್ಪ ಕಡ್ಡಿಗೆ ಹೋಗಿ. 20 ಬಂದರೆ ಸಡಿಲ, 9ಕ್ಕೆ ಇಳಿಯಿರಿ. ನಮ್ಮ ಹಳೆಯ ನಂಬರಿನಲ್ಲಿ ಸಂಖ್ಯೆ ಏರಿದಷ್ಟೂ ಕಡ್ಡಿ ಸಣ್ಣ, ಮರೆಯಬೇಡಿ.

84 ಕುಣಿಕೆ ಹಾಕಿದರೆ ಸುತ್ತಳತೆ ಸುಮಾರು 38 ಸೆಂಟಿಮೀಟರ್, ಮಲಗಿಸಿದಾಗ ಅಗಲ 19. ಮೂರು ಕಡ್ಡಿಗೆ 28ರಂತೆ ಸರಿಯಾಗಿ ಹಂಚಿಹೋಗುತ್ತದೆ. ಅಂಚಿನಿಂದ ಹಿಮ್ಮಡಿವರೆಗೆ 30 ಸೆಂಟಿಮೀಟರ್ ಇಟ್ಟರೆ ತೂಗಿದಾಗ ತೂಕವಾಗಿ ಕಾಣುತ್ತದೆ. ಕೂಸಿಗೆ ಸಣ್ಣದು, ದೊಡ್ಡವರಿಗೆ ದೊಡ್ಡದು ಮಾಡುವ ಆಸೆ ಬರುತ್ತದೆ. ಬೇಡ. ಕೂಸು ಬೆಳೆಯುತ್ತದೆ, ಕಾಲುಚೀಲ ಬೆಳೆಯುವುದಿಲ್ಲ. ಎಲ್ಲರಿಗೂ ಒಂದೇ ಅಳತೆ ಇರಲಿ.

ಹಿಮ್ಮಡಿ ಅಂದರೆ ಹೆದರುವವರೇ ಹೆಚ್ಚು. ಕಾಲಿಗೆ ಹಾಕುವ ಸಾಕ್ಸಿಗೆ ಹಿಮ್ಮಡಿಯ ಮಡಿಕೆ, ಪಕ್ಕದ ತ್ರಿಕೋನ ಎಲ್ಲ ಬೇಕು, ತೂಗುವುದಕ್ಕೆ ಬೇಡ. ಹಿಮ್ಮಡಿ ಬರುವ ಜಾಗದಲ್ಲಿ ಅರ್ಧ ಕುಣಿಕೆಗಳನ್ನು, ಅಂದರೆ 42ನ್ನು, ಬೇರೆ ಬಣ್ಣದ ತುಂಡು ದಾರದಲ್ಲಿ ಒಂದು ಸಾಲು ಹೆಣೆದು, ಅವುಗಳನ್ನೇ ಮತ್ತೆ ಮುಖ್ಯ ದಾರದಲ್ಲಿ ಹೆಣೆದು, ಏನೂ ಆಗಿಲ್ಲವೆಂಬಂತೆ ಪಾದದ ಕಡೆ ಮುಂದುವರಿಯಿರಿ. ಎಲ್ಲ ಮುಗಿದ ಮೇಲೆ ಆ ತುಂಡು ದಾರ ಬಿಚ್ಚಿದರೆ ಬಾಯಿ ತೆರೆದುಕೊಳ್ಳುತ್ತದೆ. ಮೇಲೆ 42, ಕೆಳಗೆ 42 ಕುಣಿಕೆ ಕಡ್ಡಿಗೆ ಏರಿಸಿ, ಎರಡೂ ಮೂಲೆಯಲ್ಲಿ ಒಂದೊಂದು ಕುಣಿಕೆ ಹೆಚ್ಚಿಗೆ ಎತ್ತಿಕೊಂಡು ತೂತು ಮುಚ್ಚಿ, ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ನಾಲ್ಕರಂತೆ ಕಡಿಮೆ ಮಾಡುತ್ತಾ ಬಂದು ಮುಚ್ಚಿಬಿಡಿ. ಬೆರಳ ತುದಿಯೂ ಇದೇ ಲೆಕ್ಕ. ಒಂದು ಕಲಿತರೆ ಎರಡು ಕಲಿತ ಹಾಗೆ.

ಹೆಸರು

ಈ ಕೆಲಸದ ಜೀವ ಇರುವುದು ಇಲ್ಲಿ, ಅತಿ ಹೆಚ್ಚು ಆಯ್ಕೆಗಳೂ ಇಲ್ಲೇ.

ಒಂದು ದಾರಿ, ಹೆಣೆಯುತ್ತಲೇ ಎರಡು ಬಣ್ಣ ಸೇರಿಸುವುದು. ಸುತ್ತು ಹೆಣಿಗೆಯಲ್ಲಿ ಬಿಳಿ ದಾರ ಹೆಸರಿನ ಜಾಗದಲ್ಲಷ್ಟೇ ಬೇಕು, ಆದರೆ ಆ ಜಾಗ ದಾಟಿದ ಮೇಲೆ ಮುಂದಿನ ಸುತ್ತಿಗೆ ಅದು ತಪ್ಪು ತುದಿಯಲ್ಲಿ ಉಳಿದಿರುತ್ತದೆ. ಹಾಗಾಗಿ ಬಿಳಿ ದಾರವನ್ನು ಪೂರ್ತಿ ಸುತ್ತು ಒಳಗಡೆಯಿಂದ ಎಳೆದು ತರಬೇಕು, ಮೂರು-ನಾಲ್ಕು ಕುಣಿಕೆಗೊಮ್ಮೆ ಮುಖ್ಯ ದಾರಕ್ಕೆ ಸಿಕ್ಕಿಸಬೇಕು. ಇಲ್ಲದಿದ್ದರೆ ಒಳಗಿನ ಉದ್ದ ಎಳೆಗೆ ಮಗುವಿನ ಬೆರಳು ಸಿಕ್ಕಿಕೊಳ್ಳುತ್ತದೆ. ಹೋಗಿ-ಬಂದು ಹೆಣೆಯುವವರು ಪ್ರತಿ ಅಕ್ಷರಕ್ಕೂ ಬೇರೆ ಸಣ್ಣ ಉಂಡೆ ಇಟ್ಟುಕೊಂಡು ಮಾಡಬಹುದು. ಎರಡೂ ಕುಶಲ ಕೈಗೆ ಸೇರಿದ ಕೆಲಸ.

ಇನ್ನೊಂದು ದಾರಿ, ಫೆಲ್ಟಿನಲ್ಲಿ ಅಕ್ಷರ ಕತ್ತರಿಸಿ ಹೊಲಿಯುವುದು. ಬೇಗ ಆಗುತ್ತದೆ. ಹೆಣೆದ ಬಟ್ಟೆ ಹಿಗ್ಗಿದಾಗ ಫೆಲ್ಟ್ ಹಿಗ್ಗದೆ ಅಂಚು ಏಳುತ್ತದೆ. ತಾಂಡಾದ ಲಂಬಾಣಿ ಅಕ್ಕಂದಿರ ಕೈಯಲ್ಲಿ ಕನ್ನಡಿ ಕೂರಿಸಿದ ಕಸೂತಿ ಪಟ್ಟಿ ಮಾಡಿಸಿ ಅಂಚಿಗೆ ಹೊಲಿದರೆ ಬಹಳ ಸೊಗಸು. ಆದರೆ ಅದೇ ಕೈ, ಅದೇ ಪಟ್ಟಿ ಮುಂದೆಯೂ ಸಿಗಬೇಕು.

ನಾನು ಮನಸಾರೆ ಹೇಳುವುದು ಮೂರನೆಯದು: ಕುಣಿಕೆಯ ಮೇಲೆ ಕುಣಿಕೆ ಹೊಲಿಯುವುದು. ಕಾಲುಚೀಲ ಪೂರ್ತಿ ಒಂದೇ ಬಣ್ಣದಲ್ಲಿ ಮುಗಿಸಿ. ಆಮೇಲೆ ತುದಿ ಮೊಂಡಾದ, ಕಣ್ಣು ದೊಡ್ಡದಾದ ಸೂಜಿಗೆ ಬಿಳಿ ದಾರ ಪೋಣಿಸಿ. ಸೀದಾ ಬದಿಯಲ್ಲಿ ಪ್ರತಿ ಕುಣಿಕೆ ಎರಡು ಕಾಲಿನ, ಇಂಗ್ಲಿಷಿನ V ಅಕ್ಷರದಂತೆ ಕಾಣುತ್ತದೆ, ಕೆಳಗೆ ಕೂಡಿ ಮೇಲೆ ಅಗಲಿರುತ್ತದೆ. ಆ ಕೂಡುವ ಬುಡದಿಂದ ಸೂಜಿ ಹೊರತೆಗೆದು, ಮೇಲಿನ ಕುಣಿಕೆಯ ಎರಡೂ ಕಾಲುಗಳ ಹಿಂದಿನಿಂದ ದಾಟಿಸಿ, ಮತ್ತೆ ಅದೇ ಬುಡಕ್ಕೆ ಇಳಿಸಿದರೆ ಕೆಂಪು ಕುಣಿಕೆ ಬಿಳಿಯಾಗುತ್ತದೆ. ದಾರ ಎಳೆಯಬೇಡಿ, ಕೆಳಗಿನ ಕುಣಿಕೆಯ ಮೇಲೆ ಒರಗಿ ಕೂರುವಷ್ಟು ಸಡಿಲ ಬಿಡಿ. ಬಿಳಿ ದಾರ ಕೆಂಪಿನಷ್ಟೇ ದಪ್ಪ ಇರಬೇಕು, ತೆಳುವಾದರೆ ಅಡಿಯ ಕೆಂಪು ಇಣುಕುತ್ತದೆ.

ಇದನ್ನೇ ಆರಿಸಲು ಕಾರಣ ಚಂದಕ್ಕಿಂತ ದೊಡ್ಡದು. ಕೂಸಿಗೆ ಹೆಸರಿಡುವ ಮೊದಲೇ ಕಾಲುಚೀಲ ಸಿದ್ಧ ಇಡಬಹುದು, ದೀಕ್ಷಾಸ್ನಾನ ಆದ ಮೇಲೆ ಒಂದು ಮಧ್ಯಾಹ್ನದಲ್ಲಿ ಹೆಸರು ಬರೆಯಬಹುದು. ಹೆಣಿಗೆ ಬಾರದ ಅಪ್ಪ, ಹತ್ತು ವರ್ಷದ ಅಕ್ಕ ಕೂಡ ಇದನ್ನು ಹೊಲಿಯಬಲ್ಲರು. ಅವ್ವನಿಗೆ ಕಣ್ಣು ಮಂಜಾದ ಮೇಲೂ ಸೀದಾ ಸುತ್ತು ಹೆಣೆಯುವ ಕೈ ನಿಲ್ಲುವುದಿಲ್ಲ, ಹೆಸರನ್ನು ಬೇರೆಯವರು ಬರೆಯುತ್ತಾರೆ. ಒಂದು ಕಾಲುಚೀಲಕ್ಕೆ ಮನೆಯ ಇಬ್ಬರು ಮೂವರ ಕೈ ತಾಗುತ್ತದೆ.

ಕನ್ನಡದಲ್ಲೋ, ಇಂಗ್ಲಿಷಿನಲ್ಲೋ?

ಸಿಗುವ ಮಾದರಿಗಳೆಲ್ಲ ಬಹುಪಾಲು ಇಂಗ್ಲಿಷ್ ಅಕ್ಷರದವು, ಅವು ನೇರ ಗೆರೆಯವು. 5 ಕುಣಿಕೆ ಅಗಲ, 7 ಸಾಲು ಎತ್ತರದಲ್ಲಿ ಯಾವ ಅಕ್ಷರವಾದರೂ ಬಂದುಬಿಡುತ್ತದೆ. ಗ್ರೇಸ್ ಎಂದು ಬರೆಯಲು ಐದು ಅಕ್ಷರ, ನಡುವೆ ಒಂದೊಂದು ಕುಣಿಕೆ ಬಿಟ್ಟರೂ 29 ಕುಣಿಕೆಯಲ್ಲಿ ಮುಗಿಯಿತು. ಕನ್ನಡದ ದುಂಡು ಅಷ್ಟು ಸಣ್ಣ ಜಾಗದಲ್ಲಿ ಕೂರುವುದಿಲ್ಲ. ರ, ಗ, ಠ 8 ಕುಣಿಕೆಯಲ್ಲಿ ಬಂದಾವು. ಮ, ಯ, ಸ ಇವಕ್ಕೆ 11-12 ಬೇಕು. ಗ್ರೇ ಬರೆಯಬೇಕಾದರೆ ಮೇಲೆ ಏತ್ವ, ಪಕ್ಕಕ್ಕೆ ದೀರ್ಘ, ಕೆಳಗೆ ರಕಾರದ ಒತ್ತು. ಅಗಲ ಇಂಗ್ಲಿಷಿನ ಸುಮಾರಿಗೇ ಬರುತ್ತದೆ, ಎತ್ತರ ಮಾತ್ರ 20 ಸಾಲು ದಾಟುತ್ತದೆ, ಅಂದರೆ 7 ಸೆಂಟಿಮೀಟರಿಗಿಂತ ಹೆಚ್ಚು. ಮೇಲಿನ ಅಂಚಿನಲ್ಲಿ ಇದು ಹಿಡಿಸುವುದು ಕಷ್ಟ. ಕನ್ನಡದ ಹೆಸರಿಗೆ ಅಂಚು ಬಿಟ್ಟು ಕಾಲಿನ ಭಾಗವನ್ನೇ ಬಳಸಿ.

ಕಷ್ಟವಿದ್ದರೂ ನಾನು ಕನ್ನಡದ ಪರ. ಅಜ್ಜಿ ಓದಬೇಕಲ್ಲ! ಪಕ್ಕದ ಮನೆಯ ಕೂಸು ಒಂದನೇ ಇಯತ್ತೆಯಲ್ಲಿ ಅಕ್ಷರ ಕಲಿತ ವರ್ಷ ಗೋಡೆಯ ಮೇಲಿನ ಎಲ್ಲರ ಹೆಸರು ಕೂಡಿಸಿ ಕೂಡಿಸಿ ಓದಿದಾಗ ಮನೆಯವರ ಮುಖ ನೋಡಬೇಕಿತ್ತು.

ಅದಕ್ಕೆ ಒಂದು ಗುಟ್ಟು ಗೊತ್ತಿರಬೇಕು. ಮಕ್ಕಳ ಗಣಿತದ ಚೌಕುಳಿ ಕಾಗದದಲ್ಲಿ ಅಕ್ಷರ ಬರೆದು ಹಾಗೇ ಹೊಲಿದರೆ ಹೆಸರು ಕುಳ್ಳಗೆ, ಮೇಲಿಂದ ಅದುಮಿದಂತೆ ಬರುತ್ತದೆ. ಕಾಗದದ ಮನೆ ಚೌಕ, ಹೆಣಿಗೆಯ ಕುಣಿಕೆ ಚೌಕ ಅಲ್ಲ. 10 ಸೆಂಟಿಮೀಟರಿಗೆ ಅಡ್ಡ 22, ಉದ್ದ 28 ಅಂದಮೇಲೆ ಕುಣಿಕೆ ಅಗಲ ಹೆಚ್ಚು, ಎತ್ತರ ಕಡಿಮೆ. ಕಣ್ಣಿಗೆ ಚೌಕವಾಗಿ ಕಾಣಬೇಕಾದ 8 ಕುಣಿಕೆ ಅಗಲದ ಅಕ್ಷರಕ್ಕೆ 10 ಸಾಲು ಎತ್ತರ ಕೊಡಬೇಕು, 11 ಅಗಲಕ್ಕೆ 14. ಕಾಗದದಲ್ಲಿ ಅಕ್ಷರ ತೆಳ್ಳಗೆ ಉದ್ದವಾಗಿ ಕಂಡರೆ ಬಟ್ಟೆಯಲ್ಲಿ ಸರಿಯಾಗಿ ಬರುತ್ತದೆ.

ರೂತ್, ಎಲಿಜಬೆತ್ ಇಂಥ ಹೆಸರಿನ ಕೊನೆಯ ತ್ ಮೇಲಿರುವ ಸಣ್ಣ ಕೊಂಡಿ ಸುಲಭವಾಗಿ ಕಳೆದುಹೋಗುತ್ತದೆ, ಓದುವವರು ರೂತ ಅನ್ನುತ್ತಾರೆ. ಅದಕ್ಕೆ 2 ಕುಣಿಕೆ ಅಗಲ, 3 ಸಾಲು ಎತ್ತರ ಧಾರಾಳವಾಗಿ ಕೊಡಿ. ತಲೆಕಟ್ಟಿಗೆ ಒಂದೇ ಸಾಲು ಸಾಕು.

ಮುಂದಿನ ಮುಖದಲ್ಲಿ ಸಿಗುವುದು 42 ಕುಣಿಕೆ ಮಾತ್ರ. ಮೂರು ಅಕ್ಷರದವರೆಗೆ ಅಡ್ಡ ಬರೆಯಿರಿ, ಅದಕ್ಕಿಂತ ಉದ್ದದ ಹೆಸರನ್ನು ಒಂದರ ಕೆಳಗೊಂದು ಇಳಿಸಿ. ಕನ್ನಡದ ಅಕ್ಷರ ತನ್ನ ಸ್ವರ, ಒತ್ತು ಎಲ್ಲ ಹೊತ್ತುಕೊಂಡು ಒಂದೇ ಗುಂಪಾಗಿ ನಿಲ್ಲುವುದರಿಂದ ಹಾಗೆ ಇಳಿಸಿದರೂ ಓದಲು ತೊಡಕಿಲ್ಲ. ಎ, ಲಿ, ಜ, ಬೆ, ತ್ ಐದು ಗುಂಪು, ತಲಾ 15 ಸಾಲು, ಒಟ್ಟು 75. ಕಾಲಿನ ಉದ್ದ 84 ಸಾಲು. ಹಿಡಿಸುತ್ತದೆ.

ಅಂಚಿನಿಂದ ಕೆಳಗೆ ಹೆಣೆದ ಕಾಲುಚೀಲ ತೂಗಿದಾಗ ಕುಣಿಕೆಗಳೆಲ್ಲ ತಲೆಕೆಳಗಾಗಿ ಕಾಣುತ್ತವೆ. ಕಾಲುಚೀಲವನ್ನು ತೊಡೆಯ ಮೇಲೆ ತಲೆಕೆಳಗು ಇಟ್ಟು, ಅಕ್ಷರದ ಕಾಗದವನ್ನೂ ತಲೆಕೆಳಗು ಹಿಡಿದು ಹೊಲಿಯಿರಿ, ತಿರುಗಿಸಿದಾಗ ಎರಡೂ ಸರಿಯಾಗುತ್ತವೆ. ಹೊರಕ್ಕೆ ಮಡಚುವ ಅಂಚಿನ ಮೇಲೆ ಮಾತ್ರ ಇದು ಉಲ್ಟಾ. ಅಲ್ಲಿ ಕುಣಿಕೆ ನೆಟ್ಟಗಿರುತ್ತದೆ, ಆದರೆ ಕಾಣುವುದು ಒಳಬದಿ. ಇಂಗ್ಲಿಷ್ ಹೆಸರನ್ನು ಮಡಚಿದ ಅಂಚಿನಲ್ಲಿ ಹಾಕುವವರು ಇದನ್ನು ನೆನಪಿಡಬೇಕು.

ಕರೆಯುವ ಹೆಸರು ಹಾಕಬೇಕೋ, ದೀಕ್ಷಾಸ್ನಾನದ ಹೆಸರೋ? ಮನೆಯಲ್ಲಿ ಕರೆಯುವುದೇ ಇರಲಿ, ಇದು ಮನೆಯ ವಸ್ತು. ಅಜ್ಜನ ಹೆಸರೇ ಮೊಮ್ಮಗನಿಗೂ ಇದ್ದರೆ ಪಾದದ ಮೇಲೆ ಹುಟ್ಟಿದ ವರ್ಷ ಸೇರಿಸಿ. ತೀರಿಕೊಂಡವರದನ್ನು ಏನು ಮಾಡಬೇಕು ಎಂದು ಕೇಳುತ್ತಾರೆ. ನಮ್ಮ ಮನೆಯಲ್ಲಿ ತೂಗುಹಾಕುತ್ತೇವೆ, ಮಕ್ಕಳು ಅದರಲ್ಲಿ ಚೀಟಿ ಬರೆದು ಹಾಕುತ್ತಾರೆ. ಹೆಸರು ಬಿಚ್ಚಿ ಬೇರೆಯವರಿಗೆ ಕೊಡುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ.

ಭಾರ, ಬಿಸಿಲು, ಪೆಟ್ಟಿಗೆ

ಒಳಗೆ ತುಂಬುವುದು ನಮ್ಮದೇ ಇರಲಿ: ಶೇಂಗಾ ಚಿಕ್ಕಿ, ಬಾರೆಹಣ್ಣು, ಪೇರಲ, ಕಾಗದದಲ್ಲಿ ಸುತ್ತಿದ ಕರಜಿಕಾಯಿ, ತುದಿಗೆ ಒಂದು ಕಿತ್ತಳೆ. ಇಷ್ಟಕ್ಕೆ ಹೆಣೆದ ಬಟ್ಟೆ ಇಳಿಬೀಳುತ್ತದೆ. ಒಳಗೆ ಹತ್ತಿ ಬಟ್ಟೆಯ ಅಸ್ತರ್ ಹಾಕಿ, ಹೆಣಿಗೆಗಿಂತ ಒಂದು ಬೆರಳು ಗಿಡ್ಡ ಇರಲಿ, ಆಗ ಭಾರ ಬಟ್ಟೆಯ ಮೇಲೆ ಬೀಳುತ್ತದೆ. ತೂಗುವ ಕುಣಿಕೆಯನ್ನೂ ಅಸ್ತರಿಗೇ ಹೊಲಿಯಿರಿ. ಎರಡು ಬಣ್ಣದ ಹೆಣಿಗೆಯ ಒಳ ಎಳೆಗಳಿಗೂ ಅಸ್ತರ್ ಮರೆಯಾಗುತ್ತದೆ.

ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗಿನ ಅಟ್ಟದಲ್ಲಿ ಕಾಲುಚೀಲ ಇಡಬೇಡಿ. ಹಣ್ಣಿನ ಕಲೆ ತೊಳೆದು, ನೆರಳಲ್ಲಿ ಒಣಗಿಸಿ, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿಡಿ. ಉಣ್ಣೆಯದಾದರೆ ಒಣಗಿದ ಬೇವಿನೆಲೆ ನಡುನಡುವೆ ಹಾಕಿ, ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ಗಾಳಿಗೆ ಹರವಿ.

ಯಾರಿಗೆ ಯಾವುದು

ಸೀದಾ-ಉಲ್ಟಾ ಬರುವ ಒಬ್ಬರಾದರೂ ಮನೆಯಲ್ಲಿದ್ದರೆ ಕೆಂಪು ಅಕ್ರಿಲಿಕ್ ಡಿಕೆ, 8ನೇ ನಂಬರಿನ ಕಡ್ಡಿ, ತುಂಡು ದಾರ ಬಿಚ್ಚಿ ಹಾಕುವ ಹಿಮ್ಮಡಿ, ಮೇಲೆ ಹೊಲಿದ ಕನ್ನಡದ ಹೆಸರು. ದಸರೆ ಮುಗಿದ ಮೇಲೆ ಶುರು ಮಾಡಿದರೆ ಸಂಜೆ ಸಂಜೆ ಹೆಣೆದು ಆರಾಮವಾಗಿ ಮುಗಿಯುತ್ತದೆ. ಯಾರಿಗೂ ಹೆಣಿಗೆ ಬಾರದಿದ್ದರೆ ಕೌದಿ ಬಟ್ಟೆ. ಕೈ ಪಳಗಿದವರು, ಕುರಿಗಾರರ ನಂಟಿರುವವರು ಕಂಬಳಿ ಉಣ್ಣೆ. ಒಬ್ಬರೇ ದುಡಿಯುವ ಮನೆಯಾದರೆ ವರ್ಷಕ್ಕೆ ಒಂದೋ ಎರಡೋ ಸಾಕು, ಮನೆಯ ಅತಿ ಚಿಕ್ಕವರಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಹಿರಿಯರು ಕಾಯುತ್ತಾರೆ, ಮಕ್ಕಳು ಕಾಯುವುದಿಲ್ಲ.

ಡಿಸೆಂಬರ್ ಬಂದೇಬಿಟ್ಟಿದ್ದರೆ ಅವಸರದಲ್ಲಿ ಹೆಣೆಯಬೇಡಿ. ಈ ವರ್ಷ ಕೌದಿ ಬಟ್ಟೆಯ ಕಾಲುಚೀಲ ಹೊಲಿದು, 84 ಕುಣಿಕೆಯ ಅಂಚಿನ ಪಟ್ಟಿಯೊಂದನ್ನೇ ಹೆಣೆದು ಮೇಲೆ ಜೋಡಿಸಿ.

ಏನನ್ನೇ ಆರಿಸಿದರೂ ಮೊದಲನೆಯದು ಮುಗಿದ ದಿನವೇ ಒಂದು ನೋಟುಬುಕ್ಕಿನಲ್ಲಿ ದಾರದ ಚೀಟಿ ಅಂಟಿಸಿ. ಕಡ್ಡಿಯ ನಂಬರು, 10 ಸೆಂಟಿಮೀಟರಿಗೆ ಬಂದ ಕುಣಿಕೆ ಮತ್ತು ಸಾಲು, ಹಿಮ್ಮಡಿಗೆ ತುಂಡು ದಾರ ಹಾಕಿದ ಸಾಲಿನ ಸಂಖ್ಯೆ, ಹೆಸರು ಬರೆದ ಚೌಕುಳಿ ಕಾಗದ, ಎಲ್ಲ ಅದರಲ್ಲಿರಲಿ. ಅಳತೆಗೆ ಹೆಣೆದ ಅಂಗೈಯಗಲದ ತುಂಡನ್ನೂ ಬಿಚ್ಚದೆ ಅದೇ ಪುಟಕ್ಕೆ ಹೊಲಿದಿಡಿ, ಮುಂದೆ ಹೆಣೆಯುವವರು ಬಣ್ಣವನ್ನೂ ಬಿಗಿಯನ್ನೂ ಅದರ ಪಕ್ಕ ಇಟ್ಟೇ ನೋಡಿಕೊಳ್ಳಬಹುದು. ಪುಸ್ತಕ ಕಾಲುಚೀಲಗಳ ಪೆಟ್ಟಿಗೆಯಲ್ಲೇ ಇರಬೇಕು, ಅಡುಗೆಮನೆಯ ಕಪಾಟಿನಲ್ಲಿ ಅಲ್ಲ.